ಸ್ಕ್ರೂ ಸಿಕ್ಕಿಸಿದ ಪಿಯಾನೋ, ನಾಲ್ವರ ಕೈಗೆ

ನವೆಂಬರ್ 16, 2024, ಶನಿವಾರ

ನಾದ ಎಷ್ಟು ಹೊತ್ತು ಉಳಿಯಬೇಕು? ಇಂದಿನ ಅಭ್ಯಾಸವೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ನಡೆಯಿತು. ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ 1946ರಿಂದ 1948ರವರೆಗೆ ಬರೆದ ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ನಿಂದ ಐದನೆಯ ಸೊನಾಟಾವನ್ನು (ಒಂದು ಕಿರು ವಾದ್ಯರಚನೆ) ನಾಲ್ವರು ತಾಳವಾದಕರಿಗೆ ಹಂಚುತ್ತಿದ್ದೇನೆ. ಮೂಲದಲ್ಲಿ ಪಿಯಾನೋದ 45 ಸ್ವರಗಳ ತಂತಿಗಳ ನಡುವೆ ಸ್ಕ್ರೂ, ಬೋಲ್ಟ್, ರಬ್ಬರ್, ಪ್ಲಾಸ್ಟಿಕ್ ಸಿಕ್ಕಿಸಿರುತ್ತಾರೆ. ಪ್ರತಿಯೊಂದೂ, ತಂತಿಯ ದನಿ ನಿಲ್ಲಿಸುವ ಮೆತ್ತೆಯಾದ ಡ್ಯಾಂಪರ್‌ನಿಂದ ಎಷ್ಟು ಇಂಚು ದೂರದಲ್ಲಿರಬೇಕೆಂದು ಕೇಜ್ ಪಟ್ಟಿ ಮಾಡಿಟ್ಟಿದ್ದಾರೆ.

ರಬ್ಬರಿನ ಮಂಕು ದನಿಗೆ ಬಟ್ಟೆ ಹೊದಿಸಿದ ಟಾಮ್‌ಟಾಮ್, ಸ್ಕ್ರೂವಿನ ಕಿಣಿಕಿಣಿಗೆ ಸಣ್ಣ ಲೋಹದ ಬಟ್ಟಲು: ಇಷ್ಟು ಹೊಂದಿಸುವುದು ಕಷ್ಟವಲ್ಲ. ಆದರೆ ಪಿಯಾನೋದಲ್ಲಿ ಬೆರಳೆತ್ತಿದೊಡನೆ ಡ್ಯಾಂಪರ್ ಕೂತು ದನಿ ನಿಲ್ಲುತ್ತದೆ. ಬಟ್ಟಲು ಮಾತ್ರ ಮೊಳಗುತ್ತಲೇ ಇರುತ್ತದೆ. ಹಾಗಾಗಿ ಒಂದು ಕೈ ಬಾರಿಸಿದರೆ ಇನ್ನೊಂದು ಕೈ ಒತ್ತಿಹಿಡಿಯಬೇಕು. ಆ ಒತ್ತುವಿಕೆಗೂ ನಾನು ಸ್ವರಲಿಪಿಯಲ್ಲಿ ಗುರುತು ಹಾಕಿದ್ದೇನೆ.

ಇನ್ನೊಂದು ಸೂಕ್ಷ್ಮವಿದೆ. ಒಂದೇ ಸ್ವರಕ್ಕೆ ಮೂರು ತಂತಿಗಳಿರುವಲ್ಲಿ ಎರಡರ ನಡುವೆ ಮಾತ್ರ ಸ್ಕ್ರೂ ಇದ್ದರೆ, ಉಳಿದ ತಂತಿ ಶುದ್ಧವಾಗಿಯೇ ನುಡಿಯುತ್ತದೆ. ಎಡ ಪೆಡಲ್ ಒತ್ತಿದಾಗ ತಂತಿಗೆ ಬಡಿಯುವ ಸುತ್ತಿಗೆ ಪಕ್ಕಕ್ಕೆ ಸರಿದು ಆ ತಂತಿಯನ್ನು ಬಿಟ್ಟುಬಿಡುತ್ತದೆ. ಅಂದರೆ ಒಂದೇ ಸ್ವರದ ಮನೆಯಲ್ಲಿ ಎರಡು ನಾದಗಳು. ಅಂಥ ಕಡೆ ಬಟ್ಟಲಿನ ಜೊತೆಗೆ ಲೋಹದ ಪಟ್ಟಿಗಳ ವಾದ್ಯವಾದ ವೈಬ್ರಫೋನಿನ ಒಂದು ಮೆಲುದನಿಯನ್ನು ಇಟ್ಟಿದ್ದೇನೆ. ಪೆಡಲ್ ಬಂದಲ್ಲಿ ಅದು ಸುಮ್ಮನಿರುತ್ತದೆ.

ಈ ಕೆಲಸಕ್ಕೆ ನನಗೆ ಧೈರ್ಯ ಕೊಟ್ಟದ್ದು ಚರಿತ್ರೆ. 1940ರಲ್ಲಿ ಸಿಯಾಟಲ್‌ನ ಕಾರ್ನಿಶ್ ಶಾಲೆಯಲ್ಲಿ ಸಿವಿಲ್ಲಾ ಫೋರ್ಟ್ ಅವರ ನೃತ್ಯಕ್ಕೆ ಸಂಗೀತ ಬೇಕಾದಾಗ, ತಾಳವಾದ್ಯಗಳಿಗೆ ರಂಗದಲ್ಲಿ ಜಾಗವಿರಲಿಲ್ಲ. ಕೇಜ್ ಆ ಮೇಳವನ್ನೇ ಪಿಯಾನೋದೊಳಗೆ ಇಳಿಸಿದರು. 1943ರ ‘ಅಮೋರೆಸ್’ನಲ್ಲಿ ಇಂಥ ಪಿಯಾನೋಗೆಂದೇ ಬರೆದ ಎರಡು ಭಾಗಗಳ ನಡುವೆ ಟಾಮ್‌ಟಾಮ್‌ಗಳೂ ಮರದ ಬ್ಲಾಕ್‌ಗಳೂ ಬರುತ್ತವೆ. ಪಿಯಾನೋ, ತಾಳವಾದ್ಯ ಎರಡೂ ಎಷ್ಟು ಮೆಲ್ಲಗೆ ನುಡಿಯಬಲ್ಲವು ಎಂಬುದಕ್ಕೆ ನನಗೆ ಅದೇ ಅಳತೆಗೋಲು.

ಘಟ, ಮೃದಂಗ ಸೇರಿಸಬಾರದೇಕೆ ಎಂದು ತಂಡದ ಗೆಳೆಯರೊಬ್ಬರು ಕೇಳಿದರು. ಆಸೆ ನನಗೂ ಇದೆ. ಅಹಮದಾಬಾದಿನ ಗೀತಾ ಸಾರಾಭಾಯಿ ನ್ಯೂಯಾರ್ಕಿನಲ್ಲಿ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟವರು. ಈ ಕೃತಿಯ ಹಿಂದೆ ರಸಗಳ ಚಿಂತನೆಯೂ ಇದೆ. ಆದರೂ ಬೇಡವೆಂದೆ. ಮೃದಂಗದ ತುಂಬು ನಾದ ಕೇಳುಗರನ್ನು ತನ್ನತ್ತಲೇ ಸೆಳೆದುಕೊಳ್ಳುತ್ತದೆ. ಇಲ್ಲಿ ಯಾವ ದನಿಯೂ ಪಕ್ಕದ ದನಿಯನ್ನು ಮುಚ್ಚಬಾರದು.

ಸೋಮವಾರದ ಅಭ್ಯಾಸಕ್ಕೆ ಎಲ್ಲ ಗಟ್ಟಿ ಕೋಲುಗಳನ್ನೂ ತೆಗೆದಿಟ್ಟು ನೂಲು ಸುತ್ತಿದವನ್ನಷ್ಟೇ ಕೊಡುತ್ತೇನೆ.