ಧನುರ್ಮಾಸದ ಕೈತೋಟ: ಗೊಬ್ಬರದ ಗುಂಡಿ ಮತ್ತು ಒಟ್ಲು

ಮೈಸೂರಿನ ಧನುರ್ಮಾಸವು ಕೈತೋಟಕ್ಕೆ ಬಿಡುವಿನ ಕಾಲವೆಂದು ಹಲವರು ಭಾವಿಸುತ್ತಾರೆ. ನನ್ನ ಮಟ್ಟಿಗೆ ವರ್ಷದ ಬಹುಮುಖ್ಯ ಕೆಲಸಗಳು ನಡೆಯುವುದೇ ಆಗ. ಮಳೆ ನಿಂತು, ಸೊನೆಯ ಅವರೆ ಕೊಯ್ಲಿಗೆ ಬಂದು, ಹಿತ್ತಲಿನಲ್ಲಿ ತರಗೆಲೆ ರಾಶಿಯಾಗುವ ಈ ಹೊತ್ತಿನಲ್ಲಿ ನಾನು ಮೊದಲು ಕೈ ಹಾಕುವುದು ಗೊಬ್ಬರದ ಗುಂಡಿಗೆ.

ಎರಡು ಮೂರು ಪಾಲು ತರಗೆಲೆಗೆ ಒಂದು ಪಾಲು ಹಸಿ ಕಸ, ಅಂದರೆ ಅವರೆಕಾಯಿಯ ಸಿಪ್ಪೆ, ಹಿದುಕಿದ ಬೇಳೆಯ ಹೊಟ್ಟು, ಸೊಪ್ಪಿನ ದಂಟು, ಇವುಗಳನ್ನು ಪದರ ಪದರವಾಗಿ ಹರಡಿ, ನಡುನಡುವೆ ಸಗಣಿಯ ಬಗ್ಗಡ ಚಿಮುಕಿಸುತ್ತೇನೆ. ಒಂದು ಹಿಡಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಮೂಡಬೇಕು. ನೀರು ಧಾರೆಯಾಗಿ ಇಳಿದರೆ ಒಳಗೆ ಗಾಳಿಯಾಡದೆ ಗುಂಡಿ ನಾರುತ್ತದೆ. ನಾಲ್ಕೈದು ದಿನ ಕಳೆದು ಮುಂಜಾನೆಯ ಚಳಿಯಲ್ಲಿ ಕೋಲಿನಿಂದ ಕೆದಕಿದಾಗ ಹಬೆ ಏಳುತ್ತದೆ, ಅದನ್ನು ಕಂಡಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ. ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ಕಳೆಯ ಬೀಜಗಳೂ ಬಹುಪಾಲು ಸಾಯುತ್ತವೆ.

ಬೇಸಿಗೆಯ ಬೆಳೆಗೆ ಒಟ್ಲು, ಅಂದರೆ ನಾಟಿಗೆ ಬೇಕಾದ ಸಸಿಗಳ ಮಡಿ, ಬಿಡುವುದೂ ಈಗಲೇ. ಮೆಣಸಿನ ಸಸಿ ನಾಟಿಗೆ ಬರಲು 40-45 ದಿನ ಬೇಕಾದ್ದರಿಂದ ಅದನ್ನು ಮೊದಲು, 25-30 ದಿನ ಸಾಕಾಗುವ ಟೊಮೆಟೊವನ್ನು ಆಮೇಲೆ ಬಿತ್ತುತ್ತೇನೆ. ಹೋದ ವರ್ಷ ಚಳಿಯನ್ನು ಲೆಕ್ಕಿಸದೆ ಬಯಲಲ್ಲೇ ಬಿತ್ತಿದ ಮೆಣಸಿನಲ್ಲಿ, ಹದಿನೈದು ದಿನ ಕಾದರೂ ಅರ್ಧ ಬೀಜ ಮೊಳೆಯಲಿಲ್ಲ. ಈ ಸಲ ಟ್ರೇಗಳನ್ನು ಬಿಸಿಲು ಬೀಳುವ ಗೋಡೆಯ ಬದಿಗಿಟ್ಟು ರಾತ್ರಿ ಗೋಣಿತಾಟು ಹೊದಿಸುತ್ತಿದ್ದೇನೆ. ಸೋರೆ, ಹೀರೆಗಳಿಗೆ ಇಷ್ಟು ಆರೈಕೆ ಬೇಡ. ಬೀಜವನ್ನು ಒಂದು ರಾತ್ರಿ ನೆನೆಸಿ, ಸಂಕ್ರಾಂತಿ ಕಳೆದ ಮೇಲೆ ನೇರವಾಗಿ ಗುಣಿಗೆ ಹಾಕಿದರೆ ಸಾಕು.