ಕೋಲಾರದ ಮೇಜಿನ ಮೇಲೆ ಒಂದು ಸ್ನಾರ್ಕೆಲ್ ಮಾಸ್ಕ್

ಕೋಲಾರದ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ನನ್ನ ಕೆಲಸ. ತಿರುಪತಿ, ಧರ್ಮಸ್ಥಳ, ಶಬರಿಮಲೆ ನಮಗೆ ಅನ್ನ ಹಾಕುವ ಊರುಗಳು. ಈಚೆಗೆ ಅಂಡಮಾನ್ ಕೂಡ ಚೆನ್ನಾಗಿ ಹೋಗುತ್ತಿದೆ. ಬೆಂಗಳೂರಿನ ಟ್ರಾಫಿಕ್ಕಿಗೆ ಸಿಗದೆ ದೇವನಹಳ್ಳಿ ಏರ್‌ಪೋರ್ಟ್ ಮುಟ್ಟಬಹುದು, ಅಲ್ಲಿಂದ ನೇರ ವಿಮಾನವಿದೆ. ಬುಕಿಂಗ್ ಮಾಡಿಕೊಡುವುದೂ ನಾನೇ, ಗುಂಪು ದೊಡ್ಡದಿದ್ದರೆ ಜೊತೆಗೆ ಹೋಗುವುದೂ ನಾನೇ.

ಈ ಟೂರಿನಲ್ಲಿ ಜನ ತುಂಬಾ ಖುಷಿಪಡುವುದೂ ತುಂಬಾ ಜಗಳ ಆಡುವುದೂ ಒಂದೇ ಬೆಳಿಗ್ಗೆ. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಿಂದ ಎಲಿಫೆಂಟ್ ಬೀಚಿಗೆ ಹೋಗುವ ಅರ್ಧ ದಿನದ ಸ್ನಾರ್ಕ್ಲಿಂಗ್ ಬೋಟ್ ಟ್ರಿಪ್ ಅದು. ಸ್ನಾರ್ಕ್ಲಿಂಗ್ ಅಂದರೆ ಮಾಸ್ಕ್ ಹಾಕಿ, ಉಸಿರಾಡುವ ಪೈಪನ್ನು ಬಾಯಲ್ಲಿ ಕಚ್ಚಿಕೊಂಡು, ಮುಖ ಕೆಳಗೆ ಮಾಡಿ ತೇಲುತ್ತಾ ನೀರಿನೊಳಗಿನ ಮೀನು, ಹವಳ ನೋಡುವುದು. ದ್ವೀಪದ ಹೆಸರು 2018ರ ಕೊನೆಯಲ್ಲಿ ಸ್ವರಾಜ್ ದ್ವೀಪ ಅಂತ ಬದಲಾಯಿತು, ಆದರೆ ಕೇಳಿಕೊಂಡು ಬರುವವರು ಈಗಲೂ ಹ್ಯಾವ್‌ಲಾಕ್ ಅಂತಲೇ ಕೇಳುತ್ತಾರೆ. ಹಲವು ಗುಂಪುಗಳ ಜೊತೆ ಹೋಗಿ ಬಂದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಬೋಟ್ ಹತ್ತುವ ಜೆಟ್ಟಿಯಲ್ಲಿ ನಡೆಯುವ ಜಗಳದ ಬೀಜ ಬಿದ್ದಿರುವುದು ಇಲ್ಲಿ, ನಮ್ಮ ಮೇಜಿನ ಮೇಲೆ, ಅಡ್ವಾನ್ಸ್ ಎಣಿಸುವ ಹೊತ್ತಿನಲ್ಲಿ. ಆಗ ಹೇಳದೆ ಬಿಟ್ಟಿದ್ದನ್ನೆಲ್ಲ ಪಾಪ, ಬೋಟಿನ ಹುಡುಗ ಕೇಳಿಸಿಕೊಳ್ಳಬೇಕಾಗುತ್ತದೆ.

ಮೊದಲು ಸಮಯದ ಲೆಕ್ಕ. ಅರ್ಧ ದಿನ ಅಂದಕೂಡಲೇ ನಾಲ್ಕು ಗಂಟೆ ಮೀನುಗಳ ನಡುವೆ ತೇಲುತ್ತೇವೆ ಅಂತ ಜನ ಅಂದುಕೊಳ್ಳುತ್ತಾರೆ. ನಡೆಯುವುದೇ ಬೇರೆ. ಬೆಳಿಗ್ಗೆ ಹೋಟೆಲ್ ಬಿಟ್ಟು ಜೆಟ್ಟಿಗೆ ಬರಬೇಕು. ಹೆಸರು ಬರೆಸಬೇಕು, ಲೈಫ್ ಜಾಕೆಟ್ ಹಾಕಿಕೊಳ್ಳಬೇಕು, ಬೋಟಿನ ಸರದಿಗೆ ಕಾಯಬೇಕು. ಸ್ಪೀಡ್ ಬೋಟಿನಲ್ಲಿ ಸುಮಾರು ಇಪ್ಪತ್ತು ನಿಮಿಷ. ಬೀಚಿನಲ್ಲಿ ಮತ್ತೆ ಕಾಯುವುದು, ಬಟ್ಟೆ ಬದಲಿಸುವುದು, ಮಾಸ್ಕ್ ಹೊಂದಿಸಿಕೊಳ್ಳುವುದು. ನೀರಿನಲ್ಲಿ ಇರುವುದು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಪ್ಯಾಕೇಜಿನ ಜೊತೆ ಫ್ರೀ ಅಂತ ಬರುವ ಸುತ್ತು ಇನ್ನೂ ಚಿಕ್ಕದು. ದಡದ ಹತ್ತಿರವೇ ಒಂದು ರಬ್ಬರ್ ಟ್ಯೂಬ್ ಹಿಡಿಸಿ, ಗೈಡ್ ಎಳೆದುಕೊಂಡು ಹೋಗಿ ಬರುತ್ತಾನೆ, ಅಷ್ಟೇ. ಇನ್ನೂ ದೂರ, ಇನ್ನೂ ಹೊತ್ತು ಬೇಕಾದರೆ ಅಲ್ಲೇ ಬೇರೆ ದುಡ್ಡು ಕೊಡಬೇಕು. ಇದನ್ನು ಇಲ್ಲೇ ಹೇಳಿದರೆ ಜನ ಆ ದುಡ್ಡನ್ನು ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ಅಲ್ಲಿ ಹೋಗಿ, ಒದ್ದೆ ಚಡ್ಡಿಯಲ್ಲಿ ನಿಂತು ಕೇಳಿಸಿಕೊಂಡರೆ ಮೋಸ ಅನ್ನಿಸುತ್ತದೆ. ರೇಟು ಒಂದೇ, ಕೇಳಿಸಿಕೊಂಡ ಜಾಗ ಬೇರೆ.

ಹೀಗೆ ಹೇಳಿದರೆ ಬುಕಿಂಗ್ ಕಡಿಮೆಯಾಗುತ್ತದೆ ಅಂತ ನಮ್ಮ ಓನರ್‌ಗೆ ಅನುಮಾನವಿತ್ತು. ಕೆಲವರು ಬಿಟ್ಟಿದ್ದು ನಿಜ. ಹೋದವರು ಮಾತ್ರ ತಮ್ಮ ಭಾವಮೈದುನರನ್ನೂ ಕಳಿಸಿದರು.

ಇನ್ನು ಮಾಸ್ಕ್ ವಿಷಯ. ಆಫೀಸಿನಲ್ಲಿ ಒಂದು ಮಾಸ್ಕ್, ಒಂದು ಪೈಪ್ ತಂದಿಟ್ಟಿದ್ದೇನೆ. ಬುಕ್ ಮಾಡಿದವರು ಹೊರಡುವ ಮುಂಚೆ ಒಂದು ಸಲ ಬಂದು ಅದನ್ನು ಹಾಕಿಕೊಂಡು ಕೂರಬೇಕು. ಪ್ರತಿ ಸಲ ಬಿಸಿನೀರು, ಸೋಪು ಹಾಕಿ ತೊಳೆಯುತ್ತೇನೆ, ಬಾಯಲ್ಲಿ ಕಚ್ಚುವ ರಬ್ಬರ್ ತುಂಡುಗಳನ್ನು ಬೇರೆಯಾಗಿಯೇ ಇಟ್ಟಿದ್ದೇನೆ. ಸುಮ್ನೆ ತಮಾಷೆ ಅಂತ ಶುರುವಾಗಿದ್ದು, ಈಗ ನನ್ನ ಕೆಲಸದಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಯಾಕೆಂದರೆ ಮಾಸ್ಕ್ ಮೂಗನ್ನೂ ಮುಚ್ಚುತ್ತದೆ. ಉಸಿರೆಲ್ಲ ಬಾಯಿಂದಲೇ. ಹುಟ್ಟಿದಾಗಿನಿಂದ ಮೂಗಿನಿಂದ ಉಸಿರಾಡಿದವರಿಗೆ ಇದು ಒಪ್ಪಿಗೆಯಾಗಲು ಕೆಲವು ನಿಮಿಷ ಬೇಕು. ಮೊದಲ ನಿಮಿಷ ಎಲ್ಲರೂ ನಗುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ. ಎರಡನೇ ನಿಮಿಷಕ್ಕೆ ಕೆಲವರ ಕೈ ತಾನಾಗಿಯೇ ಮಾಸ್ಕಿನ ಪಟ್ಟಿಗೆ ಹೋಗುತ್ತದೆ. ಭುಜ ಮೇಲಕ್ಕೇಳುತ್ತದೆ, ಉಸಿರು ಚಿಕ್ಕದಾಗುತ್ತದೆ. ಇವರೇ ನೀರಿನಲ್ಲಿ ಗಾಬರಿಯಾಗುವವರು. ಫ್ಯಾನ್ ಕೆಳಗೆ, ಕುರ್ಚಿಯಲ್ಲಿ ಕೂತು ಗಾಬರಿಯಾದರೆ ಏನೂ ನಷ್ಟವಿಲ್ಲ. ಮಾಸ್ಕ್ ತೆಗೆದು ನೀರು ಕುಡಿದು ಮತ್ತೆ ಹಾಕಿಕೊಳ್ಳಬಹುದು. ಆಮೇಲೆ ಒಂದು ಅಗಲ ಟಬ್ಬಿನಲ್ಲಿ ಮುಖ ಅದ್ದಿಸುತ್ತೇನೆ. ಒಳಗೆ ನೀರು ಬಂದರೆ ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು ಮೂಗಿನಿಂದ ಜೋರಾಗಿ ಊದಬೇಕು, ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಇದೊಂದು ಗೊತ್ತಿದ್ದರೆ ಅರ್ಧ ಭಯ ಹೋದ ಹಾಗೆ.

ಮುಳಬಾಗಿಲು ಕಡೆಯ ಒಬ್ಬ ಅಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾಸ್ಕ್ ಹಾಕಿಕೊಂಡು, ಗೋಡೆಯ ಕ್ಯಾಲೆಂಡರ್ ನೋಡುತ್ತಾ ಅಲ್ಲಾಡದೆ ಕೂತಿದ್ದರು. ಐದು ನಿಮಿಷವಾದ ಮೇಲೆ ತೆಗೆದು, "ಉಸಿರಾಟ ಏನೂ ತೊಂದರೆ ಇಲ್ಲಪ್ಪ. ಇದನ್ನ ಹಾಕ್ಕೊಂಡ್ರೆ ಮಾತಾಡಕ್ಕಾಗಲ್ಲ, ಅದೇ ಕಷ್ಟ" ಅಂದರು. ಅವರ ಯಜಮಾನರ ಮುಖ ಅರಳಿದ್ದು ನೋಡಬೇಕಿತ್ತು.

ಮಾಸ್ಕ್ ಹಾಕಿಸಿದಾಗ ಇನ್ನೂ ಕೆಲವು ವಿಷಯ ಹೊರಗೆ ಬರುತ್ತವೆ. ನಮ್ಮ ಕಡೆಯ ದಪ್ಪ ಮೀಸೆಗೂ ಮಾಸ್ಕಿನ ರಬ್ಬರಿಗೂ ಆಗಿಬರುವುದಿಲ್ಲ, ಸಂದಿಯಲ್ಲಿ ನೀರು ಬರುತ್ತದೆ. ಮೂಗಿನ ಕೆಳಗೆ ಸ್ವಲ್ಪ ಟ್ರಿಮ್ ಮಾಡಿಸಿ ಅಂದರೆ ಕೆಲವರು ಟೂರೇ ಬೇಡ ಅನ್ನುವ ಹಾಗೆ ನೋಡುತ್ತಾರೆ. ಕನ್ನಡಕ ಒಳಗೆ ಹಿಡಿಯುವುದಿಲ್ಲ. ಪವರ್ ಜಾಸ್ತಿ ಇದ್ದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದಾ ಅಂತ ಮುಂಚೆಯೇ ಅಲ್ಲಿಗೆ ಫೋನ್ ಮಾಡಿ ಕೇಳುತ್ತೇನೆ. ಹೃದಯದ ತೊಂದರೆ, ಆಸ್ತಮಾ, ಗರ್ಭಿಣಿಯರು ಅಂದರೆ ನಾನು ತಲೆ ಹಾಕುವುದಿಲ್ಲ, ಡಾಕ್ಟರನ್ನು ಕೇಳಿ ಬನ್ನಿ ಅನ್ನುತ್ತೇನೆ. ಬೋಟಿನಲ್ಲಿ ವಾಂತಿಯಾಗದ ಹಾಗೆ ತೆಗೆದುಕೊಳ್ಳುವ ಮಾತ್ರೆಗೂ ಅದೇ ಉತ್ತರ.

ಡ್ರಿಪ್ ಹಾಕಿ ಟೊಮೆಟೊ ಬೆಳೆಯುವ ಒಬ್ಬರು ಪೈಪನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನೇ ಹತ್ತು ಅಡಿ ಉದ್ದ ಮಾಡಿದರೆ ಕೆಳಗಿಳಿದು ನೋಡಬಹುದಲ್ವಾ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಕೆಳಗಿಳಿದಷ್ಟೂ ನೀರಿನ ಒತ್ತಡ ಎದೆಯ ಮೇಲೆ ಬೀಳುತ್ತದೆ, ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಶ್ವಾಸಕೋಶಕ್ಕೆ ಶಕ್ತಿ ಸಾಲುವುದಿಲ್ಲ. ಜೊತೆಗೆ ನಾವು ಬಿಟ್ಟ ಉಸಿರೇ ಪೈಪಿನಲ್ಲಿ ಉಳಿದು ಮತ್ತೆ ಒಳಗೆ ಬರುತ್ತದೆ. ಅದಕ್ಕೇ ಪೈಪು ಒಂದು ಅಡಿಗಿಂತ ಸ್ವಲ್ಪ ಉದ್ದ ಇರುತ್ತದೆ, ಅಷ್ಟೇ. ಅವರು ತಕ್ಷಣ, "ಹೆಡ್ ಜಾಸ್ತಿಯಾದ್ರೆ ಸಣ್ಣ ಮೋಟರ್ ಎತ್ತಲ್ಲ, ಹಂಗೆ" ಅಂದರು. ಹೆಡ್ ಅಂದರೆ ಮೋಟರ್ ನೀರು ಎತ್ತಬೇಕಾದ ಎತ್ತರ. ಅವತ್ತಿನಿಂದ ಎಲ್ಲರಿಗೂ ನಾನು ಹಾಗೇ ಹೇಳುತ್ತೇನೆ.

ನನಗೆ ತುಂಬಾ ಆಶ್ಚರ್ಯವಾಗಿದ್ದು ವಯಸ್ಸಿನ ಲೆಕ್ಕ. ಗುಂಪಿನಲ್ಲಿ ಅರವತ್ತು ದಾಟಿದವರನ್ನು ನೋಡಿ ಗೈಡ್‌ಗಳು ಹೆದರುತ್ತಾರೆ. ನಾನು ಹೆದರುವುದು ಇಪ್ಪತ್ತೈದರ ಜಿಮ್ ಹುಡುಗರಿಗೆ. ನಮ್ಮ ಜಿಲ್ಲೆಯ ಹಿರಿಯರು ತೆರೆದ ಬಾವಿಯಲ್ಲಿ ಈಜು ಕಲಿತವರು. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ದೊಡ್ಡಪ್ಪ ಮೇಲಿನಿಂದ ತಳ್ಳಿ ಕಲಿಸಿದ ಈಜು. ಆಮೇಲೆ ಬಾವಿಗಳು ಒಣಗಿದವು. ಬೋರ್‌ವೆಲ್ ಸಾವಿರ ಅಡಿ ದಾಟಿತು. ಬೋರ್‌ವೆಲ್‌ನಲ್ಲಿ ಯಾರು ಈಜು ಕಲಿಯುತ್ತಾರೆ? ಒಂದು ತಲೆಮಾರು ಮೊಣಕಾಲಿಗಿಂತ ಮೇಲೆ ನೀರು ನೋಡದೆ ಬೆಳೆಯಿತು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ವ್ಯಾಲಿ) ಯೋಜನೆಯ ನೀರು ಬಂದು ನಮ್ಮ ಕೆರೆಗಳು ತುಂಬಿದವು, ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಟ್ಟ ನೀರು. ಅದರಲ್ಲಿ ಮಕ್ಕಳನ್ನು ಈಜಲು ಇಳಿಸುವವರಿಲ್ಲ.

ಹಾಗಾಗಿ ಎಲಿಫೆಂಟ್ ಬೀಚಿನಲ್ಲಿ ತಾತ ಮುಖ ಕೆಳಗೆ ಹಾಕಿ ಆರಾಮಾಗಿ ತೇಲುತ್ತಿರುತ್ತಾರೆ. ಮೊಮ್ಮಗ ಟ್ಯೂಬ್ ಹಿಡಿದುಕೊಂಡು ನೀರು ಒದೆಯುತ್ತಿರುತ್ತಾನೆ. ತಾತಂದಿರ ಸಮಸ್ಯೆ ಬೇರೆ: ಲೈಫ್ ಜಾಕೆಟ್ ಬೇಡ ಅಂತ ಹಟ. ಬಾವಿಗೆ ಗೋಡೆ ಇರುತ್ತದೆ, ಇಲ್ಲಿ ಸೆಳೆತ ಇರುತ್ತದೆ ಅಂತ ಇಲ್ಲೇ, ಅವರ ಹೆಂಡತಿಯ ಎದುರಿಗೇ ಹೇಳಿಬಿಡುತ್ತೇನೆ. ಆಮೇಲೆ ನಾನು ಮಾತಾಡಬೇಕಾಗಿಲ್ಲ.

ಒದೆಯುವವರಿಗೂ ಒಂದು ಮಾತು ಇದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಬಾವಿ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ, ಮೇಲೆ ಜಾಕೆಟ್ ಬೇರೆ. ಕೈಕಾಲು ಬಿಟ್ಟು ಸುಮ್ಮನೆ ಮಲಗಿದರೆ ಸಾಕು. ಕಾಲು ಕೆಳಗೆ ಬಿಡಬಾರದು ಅನ್ನುವುದಕ್ಕೆ ಕಾರಣವೂ ಇದೆ. ನೀರಿನೊಳಗೆ ಮಾಸ್ಕಿನಿಂದ ನೋಡಿದರೆ ಎಲ್ಲವೂ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ನಾಲ್ಕು ಅಡಿ ದೂರದ್ದು ಮೂರು ಅಡಿಯಲ್ಲಿದೆ ಅನ್ನಿಸುತ್ತದೆ. ಇಲ್ಲೇ ಇದೆಯಲ್ಲ ಅಂತ ನಿಲ್ಲಲು ಹೋಗುತ್ತಾರೆ. ಕಾಲಿಗೆ ನೆಲ ಸಿಗದಿದ್ದರೆ ಗಾಬರಿ, ಸಿಕ್ಕರೆ ಅದು ಹವಳ. ಹವಳ ಕಲ್ಲಿನ ಹಾಗೆ ಕಂಡರೂ ಜೀವವಿರುವ ಪ್ರಾಣಿಗಳ ಗುಂಪು. ತುಳಿದರೆ ಅದೂ ಸಾಯುತ್ತದೆ, ನಮ್ಮ ಕಾಲೂ ಕೊಯ್ಯುತ್ತದೆ. ಮುರಿದು ಬಿದ್ದ ಚೂರನ್ನು ಬ್ಯಾಗಿಗೆ ಹಾಕಿಕೊಂಡರೂ ತಪ್ಪೇ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಹವಳಕ್ಕೂ ಇದೆ, ಏರ್‌ಪೋರ್ಟಿನಲ್ಲಿ ಬ್ಯಾಗ್ ತೆರೆಸುತ್ತಾರೆ. ದೇವರ ಮನೆಗೆ ಶಂಖ ಬೇಕಾದರೆ ಬಿಲ್ ಕೊಡುವ ಅಂಗಡಿಯಲ್ಲಿ ಕೊಳ್ಳಿ.

ಪ್ಲಾನ್ ಹಾಕುವಾಗ ನಾನು ಬಿಟ್ಟುಕೊಡದ ವಿಷಯ ಒಂದಿದೆ. ಸ್ನಾರ್ಕ್ಲಿಂಗ್ ಯಾವತ್ತೂ ಹ್ಯಾವ್‌ಲಾಕ್‌ನ ಮೊದಲ ಪೂರ್ತಿ ದಿನಕ್ಕೇ ಇರಬೇಕು. ಗಾಳಿ ಎದ್ದರೆ ಬೋಟ್ ನಿಲ್ಲಿಸುತ್ತಾರೆ, ಅದರಲ್ಲಿ ವಾದ ಇಲ್ಲ. ಮೊದಲ ದಿನ ನಿಂತರೆ ಮಾರನೇ ದಿನ ಹೋಗಬಹುದು. ಕೊನೆಯ ದಿನಕ್ಕೆ ಇಟ್ಟರೆ ಹೋಯಿತು. ಬೋಟ್ ರದ್ದಾದರೆ ಎಷ್ಟು ವಾಪಸ್ ಬರುತ್ತದೆ ಅಂತ ರಸೀದಿಯ ಹಿಂದೆ ಕನ್ನಡದಲ್ಲಿ ಬರೆದು ಸಹಿ ಹಾಕಿಸುತ್ತೇನೆ. ಬೆಳಿಗ್ಗೆಯೇ ಹೊರಡಬೇಕು ಅನ್ನುವುದೂ ಸುಮ್ನೆ ಅಲ್ಲ. ಅಂಡಮಾನ್ ನಮಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಅಂದರೆ ಸೂರ್ಯ ಸುಮಾರು ಒಂದು ಗಂಟೆ ಮುಂಚೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಮುಳುಗಿಬಿಡುತ್ತಾನೆ. ಬೆನ್ನು ಸುಡದ ಹಾಗೆ ಪೂರ್ತಿ ತೋಳಿನ ಬನಿಯನ್ ಹಾಕಿಕೊಳ್ಳಿ. ತಿಂಡಿ ಎರಡು ಇಡ್ಲಿಗೆ ನಿಲ್ಲಿಸಿ.

ಅಷ್ಟು ದೂರ, ಅಷ್ಟು ದುಡ್ಡು ಆಗುವುದಿಲ್ಲ ಅನ್ನುವವರಿಗೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ಹೇಳುತ್ತೇನೆ. ಅದೂ ಬೋಟ್ ಟ್ರಿಪ್ಪೇ. ಆದರೆ ಅಲ್ಲಿ ಬೀಚ್ ಇಲ್ಲ, ಬೋಟಿನಿಂದ ನೇರ ಆಳದ ನೀರಿಗೆ ಇಳಿಯಬೇಕು. ನನ್ನ ಕುರ್ಚಿಯಲ್ಲಿ ಐದು ನಿಮಿಷ ಕೂರಲಾರದವರಿಗೆ ಅದನ್ನು ಮಾರುವುದಿಲ್ಲ.

ಕಷ್ಟವಾಗುವುದು ಟೊಮೆಟೊದವರ ಜೊತೆ. 2023ರ ಜುಲೈನಲ್ಲಿ ನಮ್ಮ ಮಾರ್ಕೆಟ್ಟಿನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ, ನಾಳೆಯೇ ಅಂಡಮಾನ್ ಅಂತ ಬಂದು ಕೂತವರಿದ್ದರು. ಜುಲೈ ಅಂದರೆ ಅಲ್ಲಿ ಮುಂಗಾರಿನ ನಟ್ಟನಡು. ಅಲೆ ಜೋರು, ನೀರು ಕದಡಿರುತ್ತದೆ, ಬೋಟ್ ಯಾವಾಗ ನಿಲ್ಲುತ್ತದೋ ಹೇಳಲಾಗುವುದಿಲ್ಲ. ಈಗಲೂ ಮಳೆಗಾಲದಲ್ಲಿ ಯಾರಾದರೂ ಕೈತುಂಬ ದುಡ್ಡು ಹಿಡಿದು ಬಂದರೆ ದೀಪಾವಳಿ ಆದ ಮೇಲಿನ ಡೇಟ್ ಹಾಕಿಕೊಡುತ್ತೇನೆ. ಅಡ್ವಾನ್ಸ್ ಮಾತ್ರ ಅವತ್ತೇ ತೆಗೆದುಕೊಳ್ಳುತ್ತೇನೆ. ಟೊಮೆಟೊ ರೇಟು ದೀಪಾವಳಿವರೆಗೆ ನಿಲ್ಲುತ್ತದೆ ಅಂತ ಇಲ್ಲಿ ಯಾರೂ ಬರೆದುಕೊಟ್ಟಿಲ್ಲ.