ಚಂಪಾಳಿಗೆ ಇನ್ನೊಂದು ಸೂಲು ಬೇಡ

ಹೋದ ಭಾನುವಾರ ದಾವಣಗೆರೆಯಿಂದ ಇಬ್ಬರು ಬಂದಿದ್ದರು. ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿರುವ ನನ್ನ ಮೋಟರ್ ರಿವೈಂಡಿಂಗ್ ಅಂಗಡಿ ಭಾನುವಾರ ಅರ್ಧ ದಿನ ಮಾತ್ರ ತೆರೆದಿರುತ್ತದೆ. ಶಟರ್ ಎಳೆಯುವ ಹೊತ್ತಿಗೆ ಸರಿಯಾಗಿ ಕಾರು ನಿಂತಿತು. ನಮ್ಮ ಮನೆಯ ಹೆಣ್ಣು ಜರ್ಮನ್ ಶೆಫರ್ಡ್ ಚಂಪಾಳಿಗೆ ಜೋಡಿ ಕೇಳಲು ಬಂದಿದ್ದರು. ಒಬ್ಬರು ಫೋನು ತೆಗೆದು ಗಂಡು ಜರ್ಮನ್ ಶೆಫರ್ಡ್ ಒಂದರ ಫೋಟೊ ತೋರಿಸಿದರು.

"ಡಬಲ್ ಬೋನ್ ಅಣ್ಣ, ಲಾಂಗ್ ಕೋಟು. ಕೆಸಿಐ ಪೇಪರೂ ಐತಿ. ನಿಮ್ಮ ಚಂಪಾ ಹೀಟಿಗೆ ಬಂದಾಗ ಒಂದು ಫೋನ್ ಹಾಕ್ರಿ, ಕ್ರಾಸಿಂಗ್ ಮಾಡಿಸಾಣ. ದುಡ್ಡು ಬ್ಯಾಡ, ಎರಡು ಮರಿ ಕೊಟ್ರೆ ಸಾಕು."

ಡಬಲ್ ಬೋನ್ ಅಂದರೆ ದಪ್ಪ ಮೂಳೆಯ ನಾಯಿ, ಕೆಸಿಐ ಪೇಪರ್ ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ವಂಶಾವಳಿ ಪತ್ರ. ಸೊಂಟದ ಎಕ್ಸ್-ರೇ ತೆಗೆಸಿದ್ದೀರಾ ಅಂತ ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದಕ್ಕೇನಾಗೈತಿ ಅಣ್ಣ, ಚೆನ್ನಾಗಿ ಓಡಾಡ್ತೈತಲ್ಲ."

ನೀರು ಮಜ್ಜಿಗೆ ಕೊಟ್ಟು, ಆಗುವುದಿಲ್ಲ ಅಂತ ಹೇಳಿ ಕಳಿಸಿದೆ. ಬೇಜಾರಾಗಿ ಹೋದರು. ಅಷ್ಟು ದೂರದಿಂದ ಬಂದವರಿಗೆ ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2011ರಲ್ಲಿ ನಾನೂ ಅವರ ಹಾಗೇ ಇದ್ದೆ. ಭೀಮ ಅನ್ನುವ ಗಂಡು ಮರಿಯನ್ನು ತಂದಾಗ ಅವನಿಗೆ 35 ದಿನ. ಮಾರಿದವರು ತಾಯಿಯನ್ನು ತೋರಿಸಲಿಲ್ಲ, "ಅದು ಹೊಸಬರನ್ನ ಕಂಡ್ರೆ ಆಗಲ್ಲ, ಒಳಗೆ ಕಟ್ಟಿದೀವಿ" ಅಂದರು. ಆ ಒಂದು ಮಾತಿಗೇ ನಾನು ವಾಪಸ್ ಬರಬೇಕಿತ್ತು. ದಪ್ಪ ಕಾಲು, ದಪ್ಪ ತಲೆ ನೋಡಿ ದುಡ್ಡು ಕೊಟ್ಟೆ. ಮೂಳೆ ಗಟ್ಟಿಯಾಗಲಿ ಅಂತ ದಿನಾ ಕ್ಯಾಲ್ಸಿಯಂ ಟಾನಿಕ್, ಹೊಟ್ಟೆ ಬಿರಿಯುವಷ್ಟು ಊಟ. ದೊಡ್ಡ ಜಾತಿಯ ಮರಿಗಳ ಮೈ ಹೆಚ್ಚಿನ ಕ್ಯಾಲ್ಸಿಯಂ ಅನ್ನು ತಡೆದುಕೊಳ್ಳುವುದಿಲ್ಲ, ಬೇಗ ತೂಕ ಏರಿದಷ್ಟೂ ಕೀಲಿಗೆ ಪೆಟ್ಟು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಏಳನೇ ತಿಂಗಳಿಗೆ ಅವನು ಓಡುವಾಗ ಹಿಂದಿನ ಎರಡೂ ಕಾಲು ಜೋಡಿಸಿಕೊಂಡು ಮೊಲದ ಹಾಗೆ ಕುಪ್ಪಳಿಸತೊಡಗಿದ. ನಾವು ಅದನ್ನು ಆಟ ಅಂದುಕೊಂಡು ವಿಡಿಯೊ ಮಾಡಿದ್ದೆವು. ಆ ವಿಡಿಯೊ ಇನ್ನೂ ಇದೆ, ನೋಡುವುದಕ್ಕೆ ಆಗುವುದಿಲ್ಲ.

ಬೆಂಗಳೂರಿಗೆ 200 ಕಿಲೋಮೀಟರ್ ಕರೆದುಕೊಂಡು ಹೋಗಿ ಎಕ್ಸ್-ರೇ ಮಾಡಿಸಿದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದಾಗ ನನಗೆ ಬೇರೆ ಯಾರೂ ವಿವರಿಸಬೇಕಾಗಲಿಲ್ಲ. ಮೋಟರಿನ ಬೇರಿಂಗ್ ಕೂತಿರುವ ಮನೆ ಸವೆದು ಅಗಲವಾದರೆ ಶಾಫ್ಟ್ ಆಡುತ್ತದೆ, ಆಡಿದಷ್ಟೂ ಇನ್ನಷ್ಟು ಸವೆಯುತ್ತದೆ. ಭೀಮನ ತೊಡೆ ಮೂಳೆಯ ಗುಂಡು ತಲೆ ಸೊಂಟದ ಬಟ್ಟಲಲ್ಲಿ ಹಾಗೆ ಆಡುತ್ತಿತ್ತು. ಬಟ್ಟಲು ಬಟ್ಟಲಾಗಿರಲೇ ಇಲ್ಲ, ತಟ್ಟೆಯಾಗಿತ್ತು. ಹಿಪ್ ಡಿಸ್ಪ್ಲೇಸಿಯಾ ಅನ್ನುತ್ತಾರೆ. ಹುಟ್ಟುವಾಗ ಕೀಲು ನೆಟ್ಟಗೇ ಕಾಣುತ್ತದೆ, ಬೆಳೆಯುತ್ತಾ ಸಡಿಲ ಬೀಳುತ್ತದೆ. ಊಟ, ತೂಕ, ಜಾರುವ ನೆಲ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಸಡಿಲ ಬೀಳುವ ಗುಣ ಬರುವುದು ಅಪ್ಪ ಅಮ್ಮನಿಂದ.

ಸೊಂಟವೊಂದೇ ಆಗಿದ್ದರೆ ಸಾಕಿಕೊಳ್ಳುತ್ತಿದ್ದೆವು. ಭೀಮನಿಗೆ ಹೆದರಿಕೆ. ಕೊಡೆ ಬಿಚ್ಚಿದರೆ ಹೆದರಿಕೆ, ಕುಕ್ಕರ್ ಕೂಗಿದರೆ ಹೆದರಿಕೆ. ನಮ್ಮ ತಂಗಿಯ ಮಗ ಬಾಗಿ ತಲೆ ಸವರಲು ಹೋದಾಗ ಕೈಗೆ ಬಾಯಿ ಹಾಕಿದ, ನಾಲ್ಕು ಹೊಲಿಗೆ. ಜನ "ಭಾರಿ ಜೋರು ನಾಯಿ" ಅಂದರು. ಜೋರಲ್ಲ ಅದು. ಹೆದರಿ, ಹಿಂದಕ್ಕೆ ಓಡಲು ಸೊಂಟ ನೋಯುತ್ತಿದ್ದ ಪ್ರಾಣಿ ಇನ್ನೇನು ಮಾಡೀತು? ಐದನೇ ವರ್ಷಕ್ಕೆ ಏಳಲಾಗದ ಸ್ಥಿತಿ ಬಂತು. 2016ರ ಮಾರ್ಚಿನಲ್ಲಿ ಇಂಜೆಕ್ಷನ್ ಕೊಡಿಸಿದೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು.

ಮೂರು ವರ್ಷ ಮನೆಯಲ್ಲಿ ನಾಯಿ ಇರಲಿಲ್ಲ. ಆಗ ನೆನಪಾಗುತ್ತಿದ್ದುದು ನಮ್ಮ ತಾತ. ಚಳ್ಳಕೆರೆ ತಾಲ್ಲೂಕಿನವರು, ಕುರಿ ಕಾದವರು. ಅವರ ರೊಪ್ಪದ ನಾಯಿಗಳಿಗೆ ಜಾತಿಯ ಹೆಸರು ಇರಲಿಲ್ಲ, ಪೇಪರ್ ಇರಲಿಲ್ಲ. ಆದರೆ ಯಾವ ನಾಯಿಯ ಮರಿ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ಕಟ್ಟಳೆ ಇತ್ತು. ಕುರಿಮರಿಗೆ ಒಮ್ಮೆ ಬಾಯಿ ಹಾಕಿದ ನಾಯಿಯ ಸಂತಾನ ಬೇಡ. ತೋಳ ಬಂದ ರಾತ್ರಿ ಮಂದೆ ಬಿಟ್ಟು ಓಡಿದ ನಾಯಿಯದ್ದೂ ಬೇಡ. "ಬಣ್ಣ ನೋಡಬೇಡ್ಲಾ, ಅದರವ್ವ ರಾತ್ರಿ ಎಲ್ಲಿ ಮಲಗ್ತದೆ ನೋಡು" ಅನ್ನುತ್ತಿದ್ದರು.

ಜರ್ಮನ್ ಶೆಫರ್ಡ್ ಚರಿತ್ರೆ ಓದಿದಾಗ ನನಗೆ ಆಶ್ಚರ್ಯವಾಗಿದ್ದು ಇದೇ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೈನ್ಯಾಧಿಕಾರಿ ಹೊರಾಂಡ್ ಅನ್ನುವ ನಾಯಿಯನ್ನು ಕೊಂಡು, ಅದನ್ನೇ ಮೊದಲನೆಯದಾಗಿ ದಾಖಲಿಸಿ ಈ ತಳಿ ಶುರು ಮಾಡಿದ. ಅವನಿಗೆ ಬೇಕಾಗಿದ್ದು ಕೆಲಸದ ನಾಯಿ. ಬೇಲಿಯಿಲ್ಲದ ಹೊಲಗಳ ನಡುವೆ ಕುರಿ ಮೇಯುವಾಗ ದಿನವಿಡೀ ಅಂಚಿನಲ್ಲಿ ಓಡಾಡುತ್ತಾ, ಬೆಳೆಗೆ ಬಾಯಿ ಹಾಕದಂತೆ ತಡೆಯುವ ನಾಯಿ. ನಮ್ಮ ಕಡೆ ಶೇಂಗಾ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಮಂದೆ ದಾಟಿಸುವುದನ್ನು ಕಂಡವರಿಗೆ ಅದೆಷ್ಟು ಕಷ್ಟದ ಕೆಲಸ ಅಂತ ಗೊತ್ತು. ನಮ್ಮ ನಾಯಿಗಳು ಮಂದೆ ಕಾಯುತ್ತವೆ, ಅವರ ನಾಯಿಗಳು ಮಂದೆ ನಡೆಸುತ್ತವೆ. ನಡೆಸುವ ನಾಯಿಗೆ ದಿನಕ್ಕೆ ಹತ್ತಾರು ಮೈಲಿ ಓಡುವ ಸೊಂಟ ಬೇಕು, ಕುರಿಯ ಮೇಲೆ ಹಲ್ಲೂರದ ಬುದ್ಧಿ ಬೇಕು. 1925ರ ಹೊತ್ತಿಗೇ ನಾಯಿಗಳು ತೀರಾ ಎತ್ತರವಾಗುತ್ತಿವೆ, ಧೈರ್ಯ ಕಳೆದುಕೊಳ್ಳುತ್ತಿವೆ ಅನಿಸಿ, ಸ್ಟೆಫಾನಿಟ್ಸ್ ಆ ವರ್ಷದ ಪ್ರದರ್ಶನದಲ್ಲಿ ತಗ್ಗಾದ, ಉದ್ದ ಮೈಯ ಕ್ಲೋಡೊ ಎಂಬ ನಾಯಿಗೆ ಮೊದಲ ಸ್ಥಾನ ಕೊಟ್ಟನಂತೆ. ತಳಿ ಕಟ್ಟಿದವನೇ ಅಳತೆಗೆ ಹೆದರಿದ್ದ. ಇಂದು ನಮ್ಮಲ್ಲಿ ಮೊದಲ ಪ್ರಶ್ನೆಯೇ "ಡಬಲ್ ಬೋನಾ?" ಹೆಣ್ಣು 22ರಿಂದ 32 ಕಿಲೊ, ಗಂಡು 30ರಿಂದ 40 ಕಿಲೊ ಇರಬೇಕು ಅಂತ ತಳಿಯ ಮಾನದಂಡವೇ ಹೇಳುತ್ತದೆ. 50 ಕಿಲೊದ ಗಂಡನ್ನು ಹೆಮ್ಮೆಯಿಂದ ತೋರಿಸುವವರನ್ನು ಕಂಡರೆ ನನ್ನ ಕಣ್ಣು ಅದರ ಹಿಂಗಾಲಿನ ಮೇಲೇ ಹೋಗುತ್ತದೆ.

ಚಂಪಾ ಬಂದಿದ್ದು 2019ರಲ್ಲಿ. ಅವಳನ್ನು ಕೊಟ್ಟವರು ನನ್ನನ್ನು ಎಂಟು ತಿಂಗಳು ಕಾಯಿಸಿದರು. ತಾಯಿಯನ್ನು ತೋರಿಸಿದರು, ಅದು ಬಂದು ನನ್ನ ಚಪ್ಪಲಿ ಮೂಸಿ ಪಕ್ಕದಲ್ಲೇ ಮಲಗಿತು. ಎರಡು ವರ್ಷ ತುಂಬಿದ ಮೇಲೆ ಚಂಪಾಳ ಸೊಂಟ, ಮೊಣಕೈ ಎರಡರದ್ದೂ ಎಕ್ಸ್-ರೇ ಆಯಿತು, ಎರಡೂ ಚೆನ್ನಾಗಿದ್ದವು. ಬೆನ್ನುಹುರಿ ಸವೆದು ವಯಸ್ಸಾದ ಮೇಲೆ ಹಿಂಗಾಲು ಬಿದ್ದುಹೋಗುವ ರೋಗವೊಂದಿದೆ, ಅದರ ಜೀನ್ ಪರೀಕ್ಷೆಯೂ ಮಾಡಿಸಿದೆ. ಒಂದು ಪ್ರತಿ ಅವಳಲ್ಲಿತ್ತು. ಒಂದಿದ್ದರೆ ಸಾಮಾನ್ಯವಾಗಿ ರೋಗ ಬರುವುದಿಲ್ಲ. ಅಪ್ಪನಿಂದಲೂ ಒಂದು, ಅಮ್ಮನಿಂದಲೂ ಒಂದು ಸೇರಿದಾಗಲೇ ಮರಿಗೆ ಅಪಾಯ. ಹಾಗಾಗಿ ಗಂಡು ಆ ಜೀನ್ ಇಲ್ಲದ್ದೇ ಆಗಬೇಕಿತ್ತು.

ಗಂಡು ಹುಡುಕಲು ಒಂದು ವರ್ಷ ಹಿಡಿಯಿತು. ಮಗಳಿಗೆ ವರ ನೋಡಿದ್ದಕ್ಕಿಂತ ಹೆಚ್ಚು ಊರು ಸುತ್ತಿದೆ. ಹೋದಲ್ಲೆಲ್ಲ ಮಾತಾಡುತ್ತಾ ಮಾತಾಡುತ್ತಾ ಜೇಬಿನಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಬಿಡುತ್ತಿದ್ದೆ. ಪದಕಗಳ ಸಾಲೇ ಇದ್ದ ಒಂದು ಚೆಲುವ ಆ ಸದ್ದಿಗೆ ಯಜಮಾನರ ಹಿಂದೆ ಅಡಗಿದವನು ಅರ್ಧ ಗಂಟೆ ಹೊರಗೆ ಬರಲಿಲ್ಲ. ಕೊನೆಗೆ ಒಪ್ಪಿದ್ದು 34 ಕಿಲೊದ, ಬಣ್ಣ ಮಾಸಿದಂತಿದ್ದ ಒಬ್ಬನನ್ನು. ಅವನೂ ಬೆಚ್ಚಿದ. ಬೆಚ್ಚಿ, ಎರಡು ಹೆಜ್ಜೆ ಹಿಂದೆ ಹೋಗಿ, ಆಮೇಲೆ ತಾನಾಗಿ ಬಂದು ಸ್ಪ್ಯಾನರ್ ಮೂಸಿದ. ನನಗೆ ಅದೇ ಬೇಕಿತ್ತು. ಎರಡೂ ಕಡೆಯ ವಂಶಾವಳಿ ಪಕ್ಕಪಕ್ಕ ಇಟ್ಟು ಒಂದೇ ಹೆಸರು ಎಲ್ಲಾದರೂ ಬರುತ್ತದೆಯೇ ನೋಡಿದೆವು. ಅಣ್ಣ-ತಂಗಿ, ಅಪ್ಪ-ಮಗಳು ಕೂಡಿಸಿ ಮರಿ ತೆಗೆಯುವವರು ನಮ್ಮ ಕಡೆಯೂ ಇದ್ದಾರೆ. ಪೇಪರಿನಲ್ಲಿ ಅದು ಶುದ್ಧ ತಳಿಯೇ. ಪೇಪರ್ ಹೇಳುವುದು ಯಾರ ಮಗ ಅಂತ ಮಾತ್ರ, ಹೇಗಿದ್ದಾನೆ ಅಂತ ಹೇಳುವುದಿಲ್ಲ.

2022ರ ಜನವರಿ, 62ನೇ ದಿನದ ರಾತ್ರಿ ಎಂಟು ಮರಿ. ಒಂದು ಎರಡನೇ ದಿನ ತೀರಿಕೊಂಡಿತು. ಪ್ಲೈವುಡ್ ಪೆಟ್ಟಿಗೆ ನಾನೇ ಮಾಡಿದ್ದೆ, ಗೋಡೆಗೂ ತಾಯಿಗೂ ನಡುವೆ ಮರಿ ಸಿಕ್ಕಿ ಅಪ್ಪಚ್ಚಿಯಾಗದಂತೆ ಒಳಗೆ ಸುತ್ತಲೂ ಅಡ್ಡಪಟ್ಟಿ ಹೊಡೆದಿದ್ದೆ. ತಾಮ್ರದ ತಂತಿ ತೂಗುವ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಕ. 13ನೇ ದಿನ ಕಣ್ಣು ಬಿಟ್ಟವು. ಮೂರನೇ ವಾರದಿಂದ ನಮ್ಮ ಮನೆ ಶಾಲೆಯಾಯಿತು. ರಿವೈಂಡ್ ಮಾಡಿದ ಮೋಟರನ್ನು ದೂರದಲ್ಲಿ ಓಡಿಸಿ, ದಿನ ದಿನಕ್ಕೆ ಹತ್ತಿರ ತರುತ್ತಿದ್ದೆ. ಕೊಡೆ, ಕುಕ್ಕರ್, ಗೋಣಿಚೀಲ, ಮರಳು, ಒದ್ದೆ ನೆಲ. ಬೀದಿಯ ಮಕ್ಕಳು ಕಾಲು ತೊಳೆದುಕೊಂಡು ಸರದಿಯಲ್ಲಿ ಬಂದು ಕೂತು ಹೋಗುತ್ತಿದ್ದರು. ಮೂರರಿಂದ ಹನ್ನೆರಡು ವಾರದ ನಡುವೆ ಮರಿ ಏನನ್ನು ಕಂಡು ಒಗ್ಗಿಕೊಳ್ಳುತ್ತದೋ ಅದಕ್ಕೆ ಮುಂದೆ ಹೆದರುವುದು ಕಡಿಮೆ. ಅದರಲ್ಲೂ ಕಚ್ಚಿದರೆ ಎಷ್ಟು ನೋಯುತ್ತದೆ ಅನ್ನುವುದನ್ನು ಒಡಹುಟ್ಟಿದವೇ ಕಲಿಸಬೇಕು. 35 ದಿನಕ್ಕೆ ಕಿತ್ತು ತಂದ ಭೀಮನಿಗೆ ಆ ಪಾಠ ಸಿಗಲೇ ಇಲ್ಲ. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ಕೇಂದ್ರದ ನಿಯಮವೂ ಇದೆ.

ಏಳು ಮನೆಗೂ ಒಂದೇ ಷರತ್ತು. ಸಾಕಲಾಗದಿದ್ದರೆ ನನಗೇ ವಾಪಸ್, ಎರಡು ವರ್ಷಕ್ಕೆ ಎಕ್ಸ್-ರೇ, ಅರ್ಧ ಖರ್ಚು ನನ್ನದು. ಪಂಪ್‌ಹೌಸಿಗೆ ಸರಪಳಿ ಹಾಕಿ ಕಟ್ಟುತ್ತೇವೆ ಅಂದವರಿಗೆ ಕೊಡಲಿಲ್ಲ.

2024ರಲ್ಲಿ ಐದು ನಾಯಿಗಳ ಎಕ್ಸ್-ರೇ ಆಯಿತು. ನಾಲ್ಕು ಚೆನ್ನಾಗಿದ್ದವು. ಐದನೆಯದು ಕರಿಯ, ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದ ಮನೆಯವನು. ಎಡ ಸೊಂಟದ ಬಟ್ಟಲು ಆಳವಿಲ್ಲ. ದಾವಣಗೆರೆಯಲ್ಲಿರುವ ಒಬ್ಬಳು ನೆಂಟರು ಬಂದರೆ ಮಂಚದ ಕೆಳಗೆ ಸೇರುತ್ತಾಳೆ. ಬೆನ್ನುಹುರಿಯದ್ದು ಒಂದೇ ಜೀನಿನ ಲೆಕ್ಕ, ಕೂಡಿಸಿ ಕಳೆದು ತಪ್ಪಿಸಬಹುದಿತ್ತು, ತಪ್ಪಿಸಿದೆ. ಸೊಂಟದ್ದು ಹತ್ತಾರು ಜೀನುಗಳ ಗಂಟು. ಅಪ್ಪ ಅಮ್ಮ ಇಬ್ಬರ ಫಿಲ್ಮೂ ಚೆನ್ನಾಗಿದ್ದು ಮರಿಗೆ ಬರಬಹುದು. ಅದಕ್ಕೇ ಅಪ್ಪ ಅಮ್ಮನನ್ನು ನೋಡಿದರೆ ಸಾಲದು, ಹುಟ್ಟಿದ ಮರಿಗಳನ್ನೂ ಬೆಳೆದ ಮೇಲೆ ಹೋಗಿ ನೋಡಬೇಕು. ಮರಿ ಕೊಟ್ಟ ಮೇಲೆ ಫೋನ್ ನಂಬರ್ ಬದಲಾಯಿಸುವವರಿಗೆ ಇದು ಎಂದೂ ತಿಳಿಯುವುದಿಲ್ಲ.

"ಏಳರಲ್ಲಿ ಐದು ಚೆನ್ನಾಗವಲ್ಲ. ಬೇರೆ ಗಂಡಿಗೆ ಬಿಟ್ಟು ನೋಡಬೋದು" ಅಂತ ನನ್ನ ಹೆಂಡತಿ ಅಂದಳು. ಅವಳ ಮಾತು ತಪ್ಪಲ್ಲ, ತಿಳಿದವರೂ ಕೆಲವರು ಹಾಗೇ ಹೇಳಿದರು. ಆದರೆ ಚಂಪಾಳಿಗೆ ಐದು ದಾಟಿದೆ. ಇನ್ನೊಂದು ವರ್ಷ ಗಂಡು ಹುಡುಕಿ, ಇನ್ನೊಬ್ಬ ಕರಿಯ ಹುಟ್ಟಿದರೆ ಆ ನೋವು ನನಗಲ್ಲ, ಅವನಿಗೆ. ಮುಂದಿನ ತಿಂಗಳು ಅವಳ ಗರ್ಭಕೋಶ ತೆಗೆಸುತ್ತಿದ್ದೇವೆ. ಹೀಟು ಮುಗಿದು ಎರಡು ಮೂರು ತಿಂಗಳಾಗಲಿ ಅಂತ ಡಾಕ್ಟರು ಕಾಯಿಸಿದ್ದರು. ಹಾಗೇ ಬಿಟ್ಟರೆ ವಯಸ್ಸಾದ ಹೆಣ್ಣಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಭಯ ಬೇರೆ. ಹೆಣ್ಣುನಾಯಿ ಒಮ್ಮೆಯಾದರೂ ಈಯದಿದ್ದರೆ ಪಾಪ ಅನ್ನುವ ಮಾತು ನಮ್ಮಲ್ಲಿದೆ. ಈಯದಿದ್ದರೆ ಅದರ ಆರೋಗ್ಯಕ್ಕೆ ಏನೂ ಕೊರತೆಯಿಲ್ಲ.

ಹೋದ ವಾರ ಕರಿಯನನ್ನು ನೋಡಲು ಹೋಗಿದ್ದೆ. ದುಡ್ಡು ವಾಪಸ್ ಕೊಡಲು ಲಕೋಟೆ ಒಯ್ದಿದ್ದೆ, ಆ ಮನೆಯ ಅಜ್ಜಿ ಮುಟ್ಟಲಿಲ್ಲ. "ಮಗನಿಗೆ ಕಾಲು ನೋವು ಅಂತ ಯಾರಾದ್ರೂ ದುಡ್ಡು ಇಸ್ಕಂತಾರೇನಪ್ಪಾ" ಅಂದರು. ತೂಕ 31 ಕಿಲೊದಲ್ಲೇ ಇಟ್ಟಿದ್ದಾರೆ. ಹೊಸ ಮನೆ, ನುಣುಪಾದ ಗ್ರಾನೈಟ್ ನೆಲ. ಅವನು ಜಾರಬಾರದು ಅಂತ ಬಾಗಿಲಿಂದ ಅಡುಗೆಮನೆವರೆಗೆ ಅಡಿಕೆ ಚೀಲಗಳನ್ನು ಬಿಚ್ಚಿ ಉದ್ದಕ್ಕೆ ಹಾಸಿದ್ದರು. ನನ್ನನ್ನು ಕಂಡು ಎದ್ದ ಕರಿಯ ಆ ಚೀಲದ ದಾರಿ ಬಿಡದೆ ನಿಧಾನಕ್ಕೆ ನಡೆದುಬಂದು, ಬೀಗದ ಕೈಗೊಂಚಲು ನನ್ನ ಕೈಯಿಂದ ಜಾರಿ ಬಿದ್ದಾಗ ಒಮ್ಮೆ ನಿಂತು, ಮುಂದೆ ಬಂದು ಅದನ್ನು ಮೂಸಿದ.